ಅಂಗಡಿ ತೊಲೆಯ ಜೋಲಿ

“ಅದಕ್ಕ ಕೈ ಹಚ್ಚಬ್ಯಾಡೋ ರಾಚಪ್ಪಾ. ಕಟ್ಟಿದಾಕಿನ ಬಂದು ಬಿಚ್ಚಲಿ.”

ಅಂಗಡಿ ಬಾಡಿಗೆಗೆ ಕೊಟ್ಟ ಮನೆಯೊಡತಿ ಪಾರ್ವತಿಬಾಯಿ ಹೊಸ್ತಿಲ ಆಚೆಯೇ ನಿಂತಿದ್ದಳು. ಅಂಗಡಿಯ ತೊಲೆಗೆ ಹಳೆಯ ಸೀರೆಯೊಂದನ್ನು ಮಡಚಿ, ಕೂಸು ಮಲಗಿಸುವ ಜೋಲಿ ಕಟ್ಟಿತ್ತು. ಒಳಗೆ ಕೂಸಿರಲಿಲ್ಲ. ಗಾಳಿಯೂ ಇರಲಿಲ್ಲ. ಆದರೂ ಹಗ್ಗ ಮೆಲ್ಲಗೆ ಕಿರ್ರೆನ್ನುತ್ತಿತ್ತು.

ರಾಚಪ್ಪ ಮೈಂದರ್ಗಿಯ ಕಿರಾಣಿ ಮನೆತನದವನು. ಸೋಲಾಪುರದ ಗಿರಣಿಗಳಿಗೆ ಎಷ್ಟು ಜನ ಬಂದರೂ ಸಾಲದಿದ್ದ ಕಾಲವದು, ಸಾವಿರದ ಒಂಬೈನೂರ ಇಪ್ಪತ್ತೇಳರ ಸುಮಾರು. ಗಿರಣಿ ಕೆಲಸಗಾರರ ಸಾಲುಮನೆ, ಚಾಳಿನ ಬಾಯಲ್ಲೇ ಅಂಗಡಿ ಸಿಕ್ಕಿದ್ದು ಶಿವನ ಕೃಪೆ ಎಂದುಕೊಂಡು ಬಂದಿದ್ದ. ಬೆಲ್ಲ, ಎಣ್ಣೆ, ಹೊಗೆಸೊಪ್ಪು. ಅವುಗಳ ಹಿಂದೆ, ತಗಡಿನ ಡಬ್ಬಿಯಲ್ಲಿ, ಬಾಳಗೋಳಿ. ಸಾಸಿವೆಗಿಂತ ತುಸು ದೊಡ್ಡ ಕರಿ ಗುಳಿಗೆ; ಅದರ ಜೀವವೆಲ್ಲ ಅಫೀಮು. ಬೆಳಗಿನ ಪಾಳಿಗೆ ಕರೆಯುವ ಗಿರಣಿಯ ಭೋಂಗಾ ಕೂಗುವ ಮುಂಚೆ ತಾಯಿ ಅದನ್ನು ಹಾಲಿನಲ್ಲಿ ತೇಯ್ದು ಕೂಸಿನ ನಾಲಗೆಗೆ ಸವರಿದರೆ, ಅವಳು ಪಾಳಿ ಮುಗಿಸಿ ಬರುವವರೆಗೆ ಕೂಸು ಅಳುವುದಿಲ್ಲ.

“ಕಟ್ಟಿದಾಕಿ ಯಾರು?”

“ಕಸ್ತೂರಬಾಯಿ. ಗಿರಣ್ಯಾಗ ನೂಲಿನ ಖಾತೇದಾಕಿ. ಈ ದುಕಾನದ ಗೋಳಿನ ಹಾಕಿ ಮಲಗಿಸಿ ಹೋಗಿದ್ಳು. ಸಂಜೀಕ ಬಂದ್ರ ಕೂಸು ಏಳಲಿಲ್ಲ. ಮರುದಿನ ಜೋಲಿ ತಂದು ಇಲ್ಲಿ ಕಟ್ಟಿ, ಬರೇ ಜೋಲಿ ತೂಗಿಕೋತ ಜೋಗುಳ ಹಾಡಿದ್ಳು ನೋಡು, ಭೋಂಗಾದಿಂದ ಭೋಂಗಾತನ! ಆಮ್ಯಾಲ ನಿಂಬಿಹಣ್ಣು ಹಿಂಡಿ ಅಂದ್ಳು: ‘ಇದನ್ನ ಬಿಚ್ಚಿದ ಕೈ ತನ್ನ ಕೂಸನ್ನ ತಾನ ಮಲಗಿಸಲಿ.’ ಮೊದಲಿನ ದುಕಾನದಾಂವ ಅವತ್ತ ಗಂಟು ಕಟ್ಟಿದ.”

ರಾಚಪ್ಪ ನಕ್ಕ. “ತನ್ನ ಕೂಸನ್ನ ತಾ ಮಲಗಸೂದು ಶಾಪ ಏನವ್ವಾ? ನನ್ನ ಹೆಂಡ್ತಿ ಕೇಳಿದ್ರ ಅದನ್ನ ವರಾ ಅಂತಾಳ.”

ಸ್ಟೂಲು ಹತ್ತಿ ಬಿಚ್ಚಿದ. ಹಳೆಯದಾದರೂ ಬೆಣ್ಣೆಯಂಥ ನೂಲು. ಎಸೆಯಲು ವ್ಯಾಪಾರಿಯ ಕೈ ಬರಲಿಲ್ಲ. ಒಗೆಸಿ, ಮಡಚಿ, ಅದೇ ಓಣಿಯ ತನ್ನ ಮನೆಯ ಟ್ರಂಕಿನಲ್ಲಿಟ್ಟ. ಪಾರ್ವತಿಬಾಯಿ ಹಣೆಯ ವಿಭೂತಿಯನ್ನು ಬೆರಳಲ್ಲಿ ಮುಟ್ಟಿಕೊಂಡು ಹೊರಟುಹೋದಳು.

ಬಾಣಂತನ ಮುಗಿಸಿ ಹೆಂಡತಿ ಉಮಾಬಾಯಿ ಚಪಳಗಾಂವದ ತವರಿನಿಂದ ಬಂದಳು. ಚೊಚ್ಚಲು ಕೂಸು. ಅಕ್ಕಲಕೋಟದ ಮಠದ ಪ್ರಸಾದದ ಬೂದಿಯಾದ ಅಂಗಾರವನ್ನು ಪುಟ್ಟ ತಾಯಿತದಲ್ಲಿ ತುಂಬಿ ಅದರ ಕೊರಳಿಗೆ ಕಟ್ಟಿದ್ದಳು. ಎಳೆಗೂಸಿನ ಮೈಗೆ ಹೊಸ ಬಟ್ಟೆ ಆಗದು, ಬಳಸಿ ಮೆತ್ತಗಾದದ್ದೇ ಆಗಬೇಕು ಎಂಬುದು ಅವರ ಮನೆಯ ರೂಢಿ. ಟ್ರಂಕು ತೆಗೆದಳು. ಹಳೆಯ ಸೀರೆ ಕೈಗೆ ಸಿಕ್ಕಿತು.

ರಾಚಪ್ಪ ಪೇಟೆಯಿಂದ ಬಂದಾಗ ಜೋಲಿ ಮನೆಯ ತೊಲೆಯಲ್ಲಿ ತೂಗುತ್ತಿತ್ತು. ಅದರೊಳಗೆ ಅವನ ಕೂಸು.

ಹೇಳಬೇಕೆನಿಸಿತು. ಹೇಳಿದರೆ ಇವಳು ಹೆದರುತ್ತಾಳೆ, ತಾನೂ ನಂಬಿದಂತಾಗುತ್ತದೆ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.

ಕೂಸು ಅಳಲಿಲ್ಲ. ಓಣಿಯ ಹೆಂಗಸರು ಬಂದು, “ಕೂಸಲ್ಲವ್ವಾ ಇದು, ಸಾಧು! ನಮ್ಮವಕ್ಕೂ ಈ ಬುದ್ಧಿ ಹೇಳಿಕೊಡಂತ ಹೇಳು,” ಎಂದು ನಕ್ಕು ಹೋದರು. ಕೂಸು ಹಾಲಿಗೂ ಅಳಲಿಲ್ಲ. ಉಮಾಬಾಯಿಯ ಕುಪ್ಪಸ ಹಾಲಿನಿಂದ ತೊಯ್ದು ಒಣಗಿ ಬಿರುಸಾಯಿತು. ಅರೆತೆರೆದ ಕಣ್ಣು, ಸೂಜಿಯ ಮೊನೆಯಷ್ಟಾದ ಕಣ್ಣಪಾಪೆ, ಜೋತ ತುಟಿ. ಆ ಮುಖವನ್ನು ರಾಚಪ್ಪ ಬಲ್ಲ. ಗೋಳಿ ಕೊಳ್ಳಲು ಬರುವ ತಾಯಂದಿರ ಕಂಕುಳಲ್ಲಿ ದಿನವೂ ಕಾಣುವ ಮುಖ.

ಬಗ್ಗಿ ಕೂಸಿನ ಬಾಯಿ ಮೂಸಿದ. ಹಾಲಿನ ಕಮಟು ಇರಬೇಕಾದಲ್ಲಿ ಕಹಿ, ಒದ್ದೆ ಮಣ್ಣಿನಂಥ ವಾಸನೆ. ಡಬ್ಬಿ ತೆರೆದಾಗ ಬರುವ ವಾಸನೆ.

“ಗೋಳಿ ಹಾಕಿದ್ಯೇನು?”

“ಲಿಂಗ ಮುಟ್ಟಿ ಹೇಳತೀನ್ರಿ, ನಿಮ್ಮ ಡಬ್ಬಿ ನಾ ಕಣ್ಣಿಲೆ ಕಂಡಿಲ್ಲ.”

ಜೋಲಿಯನ್ನು ಮೂಸಿದ. ಅದೇ ವಾಸನೆ. ಒಗೆದ ಬಟ್ಟೆಯ ಎಳೆ ಎಳೆಯಲ್ಲೂ.

ಗಿರಣಿಯ ಸೂಟಿಯ ದಿನ. ಕಸ್ತೂರಬಾಯಿಯ ಖೋಲಿಯಲ್ಲಿ ಹಾಡಹಗಲೇ ಕತ್ತಲು. ಒಲೆಯ ಹೊಗೆ, ನೂಲಿನ ಗಂಜಿಯ ಹುಳಿ ನಾತ. ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಿದಳು.

“ಬಂದ್ರಿ? ಕುಂದರ್ರಿ.”

ರಾಚಪ್ಪ ಜೋಲಿಯನ್ನು ಅವಳ ಮುಂದಿಟ್ಟ. “ತಪ್ಪಾತವ್ವಾ. ಮಾಡಿದ್ದನ್ನ ತಗದುಬಿಡು. ನನ್ನ ಕೂಸು...”

ಹಿಟ್ಟಿನ ಕೈಯನ್ನು ಒರೆಸಿಕೊಂಡು ಅವಳು ಬಟ್ಟೆಯನ್ನು ಸವರಿದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಹಿಗ್ಗೂ ಇರಲಿಲ್ಲ. “ತಗಿಯೂದು ನನ್ನ ಕಡೆ ಇಲ್ರಿ ಶೇಟಜಿ. ಬಿಚ್ಚಿದ್ದು ನಿಮ್ಮ ಕೈ. ಇದು ನನ್ನ ಮನಿಗೆ ಬಂತಲ್ಲ, ಇನ್ನ ನಿಮ್ಮ ಕೂಸು ಎದ್ದು ಅಳತೈತಿ. ಅಮಲು ಇಳಿಯೋತನ ಅಳತೈತಿ. ಕೇಳಾಕ ಆಗೂದಿಲ್ಲ, ಹಂಗ ಅಳತೈತಿ. ತಡಕೊಂಡ್ರ ಕೂಸು ನಿಮ್ಮದು. ಡಬ್ಬಿಗಿ ಮಾತ್ರ ಕೈ ಹಾಕಬ್ಯಾಡ್ರಿ.”

“ಇಷ್ಟ ಏನು?”

“ಇಷ್ಟರಿ,” ಎಂದಳು. ಸುಟ್ಟ ರೊಟ್ಟಿಯನ್ನು ತಿರುವಿ ಹಾಕಿದಳು.

ಮನೆಯ ಮೆಟ್ಟಿಲಿಗೇ ಅಳು ಕೇಳಿಸಿತು. ಉಮಾಬಾಯಿ ಕೂಸನ್ನು ಎದೆಗವಚಿಕೊಂಡು ನಗುತ್ತಿದ್ದಳು, ಅಳುತ್ತಿದ್ದಳು. ಕೂಸಿಗೆ ಶಿವ ಮೊದಲು ಕೊಡುವ ಮಾತು ಅಳುವೇ. ರಾಚಪ್ಪ ಕೈಮುಗಿದ. ಅಂಗಡಿಗೆ ಹೋಗಿ ಬಾಗಿಲು ಮುಚ್ಚಿದ. ಡಬ್ಬಿಯನ್ನು ಗಟಾರಕ್ಕೆ ಸುರಿಯಲೆಂದು ಎತ್ತಿದವನು, ತುಂಬಿದ ಡಬ್ಬಿಯ ಭಾರ ಕೈಗೆ ತಿಳಿದು, ಮನೆಗೆ ತಂದು ಗೋಡೆಯ ಮಾಡದಲ್ಲಿಟ್ಟ.

ಅಳು ನಿಲ್ಲಲಿಲ್ಲ. ಹಾಲು ಕೊಟ್ಟರೆ ಕಕ್ಕಿತು. ಎತ್ತಿಕೊಂಡರೆ ಬಿಲ್ಲಿನಂತೆ ಸೆಟೆಯಿತು. ಬೆವರಿತು, ನಡುಗಿತು, ಮತ್ತೆ ಅತ್ತಿತು. ರಾತ್ರಿ ಹೋಯಿತು. ಹಗಲು ಹೋಯಿತು. ಗೋಳಿಯಿಲ್ಲದೆ ಚಾಳಿನ ಇನ್ನೊಂದು ಕೂಸು ಅಳತೊಡಗಿತು. ಅದರಾಚೆ ಮತ್ತೊಂದು. ಕೊನೆಗೆ ಓಣಿಗೆ ಓಣಿಯೇ ಒಂದು ಬಾಯಾಗಿ ಅಳುತ್ತಿತ್ತು. ಹೆಂಗಸರು ಬಂದು ಬಾಗಿಲು ಬಡಿದರು.

“ಶೇಟಜಿ, ತಗೀರಿ! ಕೂಸು ಮಲಗವಲ್ಲದು!”

“ಪಾಳಿ ತಪ್ಪೇತ್ರಿ. ಇವತ್ತೂ ತಪ್ಪಿದ್ರ ಮುಕಾದಮ ಹೊರಗ ಹಾಕ್ತಾನ!”

“ಮಾರೂಮುಂದ ಅವ್ವಾ, ತಾಯಿ ಅಂತಿದ್ದ. ಈಗ ಕಿವುಡ ಆಗ್ಯಾನ!”

ರಾಚಪ್ಪ ಮಾಡದತ್ತ ನೋಡಿದ. ಉಮಾಬಾಯಿ ಅವನ ಕಣ್ಣು ಹೋದ ಕಡೆ ನೋಡಿದಳು.

“ಬ್ಯಾಡ್ರಿ. ಅಳಲಿ. ಅಳತೈತಿ ಅಂದ್ರ ಜೀವ ಐತಿ.”

ಸಂಜೆಗೆ ಮನೆಯಲ್ಲಿ ಹನಿ ನೀರಿರಲಿಲ್ಲ. ಕೂಸನ್ನು ಅವನ ತೊಡೆಗೆ ಹಾಕಿ, ಕೊಡ ಹಿಡಿದು ಹಿತ್ತಲ ಬಾಗಿಲಿಂದ ಹೋದಳು.

ಮಬ್ಬು ಕವಿಯಿತು. ದೀಪ ಹಚ್ಚಲು ಏಳಲಾಗಲಿಲ್ಲ. ಕೂಸು ಅತ್ತಿತು. ಬಾಗಿಲು ಬಡಿಯಿತು. ಕೂಸು ಅತ್ತಿತು. ತಲೆಯೊಳಗೆ ಗಿರಣಿಯ ಯಂತ್ರ ತಿರುಗಿತು. ಅರ್ಧ ಸಾಕು. ಅರ್ಧಕ್ಕೇನಾಗುತ್ತದೆ? ತಾನೇ ಎಷ್ಟೋ ತಾಯಂದಿರಿಗೆ ಹೇಳಿದ ಮಾತು. ಕೈ ಮಾಡದತ್ತ ಎದ್ದಿತು. ತಡೆದ. ಕೈ ಕೇಳಲಿಲ್ಲ. ಮುಚ್ಚಳ ತೆರೆಯಿತು. ಕಹಿ ವಾಸನೆ. ಹೆಬ್ಬೆರಳ ಉಗುರು. ಉಗುರಿನ ಮೇಲೆ ಕರಿ ಚೂರು. ಪುಟ್ಟ ನಾಲಗೆ ಬಿಸಿಯಾಗಿತ್ತು. ಬೆರಳನ್ನು ಚೀಪಿತು.

ಅಳು ನಿಂತಿತು.

ಓಣಿಯ ಅಳುವೂ ನಿಂತಿತು. ಒಮ್ಮೆಲೇ. ಬಾಗಿಲು ಬಡಿಯುವುದೂ ನಿಂತಿತು. ಬರಿದಾದ ತೊಲೆಯಲ್ಲಿ ಇಲ್ಲದ ಹಗ್ಗ ಕಿರ್ರೆಂದಿತು. ಮತ್ತೆ ಕಿರ್ರೆಂದಿತು.

ಉಮಾಬಾಯಿ ತುಂಬಿದ ಕೊಡ ಹೊತ್ತು ಹಿತ್ತಲಲ್ಲಿ ನಿಂತಳು. ಒಳಗೆ ಬರಲಿಲ್ಲ. ಅಳು ನಿಂತದ್ದು ಅವಳಿಗೆ ಅಲ್ಲಿಂದಲೇ ಕೇಳಿಸಿತ್ತು.

ಕೂಸನ್ನು ಮಣ್ಣು ಮಾಡಿದ ಮರುದಿನ ರಾಚಪ್ಪ ಡಬ್ಬಿಯನ್ನು ಅದರ ಜಾಗಕ್ಕೆ ತಂದಿಟ್ಟು ಅಂಗಡಿ ತೆರೆದ. ಯಾಕೆಂದು ಅವನಿಗೂ ತಿಳಿಯದು. ಬೆಳಕು ಹರಿಯುವ ಹೊತ್ತಿಗೆ ಇಬ್ಬರು ಹೆಂಗಸರು ಬಂದರು, ಕಸ್ತೂರಬಾಯಿ ಮತ್ತು ಉಮಾಬಾಯಿ. ಸ್ಟೂಲನ್ನು ಎಳೆದುಕೊಂಡು, ಒಬ್ಬಳು ಹಿಡಿದು, ಒಬ್ಬಳು ಹತ್ತಿ, ಜೋಲಿಯನ್ನು ತೊಲೆಗೆ ಕಟ್ಟಿದರು. ಆಚೆಗೊಬ್ಬಳು, ಈಚೆಗೊಬ್ಬಳು ನಿಂತು ತೂಗಿದರು. ಯಾರೂ ಅಳಲಿಲ್ಲ. ರಾಚಪ್ಪ ತಕ್ಕಡಿಯ ಹಿಂದೆ ಕುಳಿತಿದ್ದ. ಜೋಲಿ ಅವನ ನೆತ್ತಿಯ ಮೇಲೆ ಹೋಗುತ್ತಿತ್ತು, ಬರುತ್ತಿತ್ತು.

ಭೋಂಗಾ ಕೂಗುವ ಹೊತ್ತಾಗಿತ್ತು. ಕಂಕುಳಲ್ಲಿ ಕೂಸಿದ್ದ ಹೆಂಗಸೊಬ್ಬಳು ಬಂದು, ತೂಗುವವರತ್ತ ನೋಡದೆ, ಅಂಗೈ ಚಾಚಿದಳು.

ರಾಚಪ್ಪ ಡಬ್ಬಿ ತೆರೆದ. ಒಂದು ಗೋಳಿಯನ್ನು ತನ್ನ ನಾಲಗೆಯ ಮೇಲೆ ಇಟ್ಟುಕೊಂಡ. ಕಹಿಯಾಗಿತ್ತು. ಆಮೇಲೆ ಕಹಿಯೂ ಆಗಲಿಲ್ಲ. ಇನ್ನೊಂದನ್ನು ಅವಳ ಅಂಗೈಗೆ ಹಾಕಿದ.

“ಅರ್ಧ ಹಾಕವ್ವಾ,” ಎಂದ. “ಅರ್ಧಕ್ಕ ಏನೂ ಆಗಂಗಿಲ್ಲ.”