ನಾಲ್ಕನೇ ದೋಷ

ನಮ್ಮ ಬಟ್ಟೆ ಕಾರ್ಖಾನೆಯಲ್ಲಿ ಯಂತ್ರದ ಮುಂದೆ ಕೂರುವವರೆಲ್ಲ ಹೆಂಗಸರು, ಸ್ಕ್ರೂಡ್ರೈವರ್ ಹಿಡಿಯುವವರೆಲ್ಲ ಗಂಡಸರು. ಯಂತ್ರ ಕೆಟ್ಟರೆ ಕೈ ಎತ್ತಿ, ಮೆಕ್ಯಾನಿಕ್ ಬರುವವರೆಗೆ ಸುಮ್ಮನೆ ಕೂರಬೇಕು. ಅವತ್ತು ನಾನು ಕೂರಲಿಲ್ಲ. ಅವನು ಬರುವಷ್ಟರಲ್ಲಿ ನನ್ನ ಯಂತ್ರ ಓಡುತ್ತಿತ್ತು, ನನ್ನ ತಲೆಯ ಪಿನ್ನಿಗೆ ಎಣ್ಣೆ ಮೆತ್ತಿತ್ತು.

ಬೈಯುತ್ತಾನೆ ಅಂದುಕೊಂಡೆ. ಅವನು ಪಿನ್ನು ನೋಡಿದ, ನನ್ನ ಕಣ್ಣು ನೋಡಿದ, ಜೇಬಿನಿಂದ ಒಂದು ಪುಟ್ಟ ಸ್ಕ್ರೂಡ್ರೈವರ್ ತೆಗೆದು ನೂಲಿನ ಉಂಡೆಯ ಪಕ್ಕ ಇಟ್ಟ.

“ಪಿನ್ನು ಕೂದಲಿಗೇ ಇರಲಿ.”

ಆಮೇಲೆ ನಾನು ಕೈ ಎತ್ತದಿದ್ದರೂ ಬಂದು ನೋಡಿ ಹೋಗುತ್ತಿದ್ದ. ಇಷ್ಟು ಗಟ್ಟಿಮುಟ್ಟಾದ ಯಂತ್ರಕ್ಕೆ ದಿನಾ ಡಾಕ್ಟರ್ ಯಾಕೆ ಎಂದು ಪಕ್ಕದ ಸೀಟಿನ ಅಕ್ಕ ಛೇಡಿಸುತ್ತಿದ್ದಳು.

ಎರಡು ವರ್ಷ ಕಳೆದ ಮೇಲೆ ಮೆಕ್ಯಾನಿಕ್ ಕೆಲಸವೊಂದು ಖಾಲಿಯಾಯಿತು. ಮೊದಲ ಸಲ ಹೆಂಗಸರೂ ಅರ್ಜಿ ಹಾಕಬಹುದಿತ್ತು. ಆದರೆ ನಮ್ಮ ಅರ್ಜಿಯಲ್ಲಿ ಮಾತ್ರ ಒಂದು ಸಾಲು ಹೆಚ್ಚು: ಮನೆಯವರ ಒಪ್ಪಿಗೆ. ಅಣ್ಣ ಪೆನ್ನು ಮುಟ್ಟಲಿಲ್ಲ.

“ಎಣ್ಣೆ ಕೈಯವಳನ್ನ ಯಾರು ಕಟ್ಕೋತಾರೆ?”

ಅವನೆದುರೇ ಆ ಸಾಲಿನ ಮೇಲೆ ನಾನೇ ಸಹಿ ಹಾಕಿದೆ. ಮೂವತ್ತೊಂದು ವರ್ಷದಿಂದ ಆ ಮನೆಯಲ್ಲಿದ್ದೇನೆ, ನಾನೂ ಮನೆಯವಳೇ.

ಅರ್ಜಿ ಹಾಕಿದವರಿಗೆ ಪರೀಕ್ಷೆಯಿತ್ತು; ಅದಕ್ಕೆ ಯಂತ್ರವನ್ನು ಕೆಡಿಸಿಡುವ ಕೆಲಸ ನನಗೆ ಸ್ಕ್ರೂಡ್ರೈವರ್ ಕೊಟ್ಟಿದ್ದ ಮೆಕ್ಯಾನಿಕ್ಕಿನ ಪಾಲಿಗೇ ಬಂತು. ಮೂರು ದೋಷ, ಅರ್ಧ ಗಂಟೆ. ಹಿಂದಿನ ಸಂಜೆ ಗೇಟಿನ ಹತ್ತಿರ ಏನೋ ಹೇಳಲು ಬಂದ. ಸುಳಿವು ಕೊಟ್ಟರೆ ಮಾತು ಬಿಡುತ್ತೇನೆ ಅಂದೆ. ಬಾಯಿ ಮುಚ್ಚಿಕೊಂಡು ಹೋದ.

ಬೆಲ್ಟು ಸಡಿಲವಿತ್ತು. ನೂಲಿನ ಬಿಗಿ ತಪ್ಪಿತ್ತು. ಕೆಳನೂಲಿನ ಬಾಬಿನ್ ಗೂಡಿನೊಳಗೆ ಬಟ್ಟೆಯ ಚೂರು ಸಿಕ್ಕಿಕೊಂಡಿತ್ತು. ಮೂರನ್ನೂ ಸರಿಮಾಡಿದೆ. ಆದರೂ ಹೊಲಿಗೆ ನಡುನಡುವೆ ಬಿಟ್ಟುಹೋಗುತ್ತಿತ್ತು. ಹೊಲಿಗೆ ಬೀಳದಿದ್ದರೆ ಕೆಲಸವೂ ಇಲ್ಲ ಎಂದು ಮ್ಯಾನೇಜರ್ ಗಡಿಯಾರ ನೋಡಿದರು. ಗೋಡೆಗೆ ಒರಗಿ ನಿಂತಿದ್ದ ಅವನ ಮುಖ ಬಿಳಿಚಿಕೊಂಡಿತ್ತು. ಇನ್ನೆರಡು ನಿಮಿಷ ಉಳಿದಿದ್ದಾಗ ಸೂಜಿಯ ಮೇಲೆ ಬೆರಳಾಡಿಸಿದೆ. ಹಿಂದುಮುಂದಾಗಿ ಕೂತಿತ್ತು! ಮೊದಲ ದಿನ ಯಂತ್ರದ ಮುಂದೆ ಕೂತವರು ಮಾಡುವ ತಪ್ಪು. ತಿರುಗಿಸಿ ಹಾಕಿದೆ. ಹೊಲಿಗೆ ಗೆರೆ ಎಳೆದ ಹಾಗೆ ಓಡಿತು.

ಕೆಲಸ ನನಗೇ ಸಿಕ್ಕಿತು. ಮ್ಯಾನೇಜರ್ ಹೋದ ಮೇಲೆ ಅವನನ್ನು ಕೇಳಿದೆ.

“ಮೂರೇ ಅಂದಿದ್ರಲ್ಲ. ಸೂಜಿ?”

“ಅದು ಬೇಕಂತ ಮಾಡಿದ್ದಲ್ಲ. ಹನ್ನೆರಡು ವರ್ಷದಲ್ಲಿ ಮೊದಲ್ನೇ ಸಲ.” ಕೈ ಒರೆಸುವ ಬಟ್ಟೆಯನ್ನು ಮಡಿಸಿದ, ಬಿಚ್ಚಿದ. “ನೀವು ಪಾಸಾಗ್ಲಿ ಅಂತಾನೇ ಇತ್ತು. ಪಾಸಾದ್ರೆ ನಿಮ್ಮ ಸೀಟಿನ ಹತ್ರ ಬರೋಕೆ ನೆಪ ಇರಲ್ಲ ಅಂತಾನೂ ಇತ್ತು. ಕೈ ಎಲ್ಲಿತ್ತೋ, ಗ್ಯಾನ ಎಲ್ಲಿತ್ತೋ.”

“ನೆಪ ಇಲ್ದೇನೇ ಬನ್ನಿ.”

ಎಣ್ಣೆಯಾಗಿದ್ದ ಕೈಯನ್ನು ಬಟ್ಟೆಗಾಗಿ ಚಾಚಿದೆ. ಅವನು ಬಟ್ಟೆಯನ್ನು ಜೇಬಿಗೆ ತುರುಕಿ, ಕೈಯನ್ನೇ ಹಿಡಿದುಕೊಂಡ.