ನಾಡಿಗಾವಲು

ಮಾಸುಗಿರಣ ಯಂತ್ರ ಗುಂಯ್ ಎನ್ನುತ್ತ ಚಿರಂತ ಮುಗಳಿಯವರ ಬಲ ಮುಂಗೈ ಮೇಲೆ ಬಗ್ಗಿತು, ಹಚ್ಚೆಯ ಮೊದಲ ಅಕ್ಷರದ ಮೇಲೆ ಹಸಿರು ಬೆಳಕಿನ ಚುಕ್ಕೆಯೊಂದನ್ನು ಇಟ್ಟಿತು, ಇಟ್ಟ ಮರುಗಳಿಗೆಯೇ ನಿಂತುಹೋಯಿತು. ಬೆಳಗಿನಿಂದ ಇದು ಹನ್ನೊಂದನೆಯ ಸಲ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹೆಂಡತಿ ಸಿಂಚನಾ ಎಣಿಸುತ್ತಿದ್ದರು. ಹುಬ್ಬಳ್ಳಿಯ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಗೆ ತಪ್ಪುಗಳನ್ನು ಎಣಿಸುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಹಚ್ಚೆ ದೊಡ್ಡದೇನಲ್ಲ, 'ಧನ್ಯಾ' ಎಂಬ ಎರಡಕ್ಷರ. ಕಾಲೇಜಿನ ದಿನಗಳ ಹುಮ್ಮಸ್ಸು ಅದು. ಹುಡುಗಿ ಎಂಟು ತಿಂಗಳಿಗೆ ಬಿಟ್ಟು ಹೋದಳು, ಹೆಸರು ಉಳಿಯಿತು. ಮದುವೆಗೆ ಮುಂಚೆಯೇ ಚಿರಂತ ಎಲ್ಲವನ್ನೂ ಹೇಳಿದ್ದರು, ಸಿಂಚನಾ ನಕ್ಕು ಸುಮ್ಮನಾಗಿದ್ದರು. ಆದರೆ ಆ ಕೈ ದಿನಾ ಎದುರಿಗೆ ಕೂತು ರೊಟ್ಟಿ ಮುರಿಯುವುದನ್ನು ಮೂವತ್ತು ವರ್ಷ ನೋಡಿದರೆ ಎಂಥ ನಗುವೂ ಸವೆಯುತ್ತದೆ. ಕೊನೆಗೆ ಅದರ ಮೇಲೊಂದು ನವಿಲು ಬರೆಸುವುದೆಂದು ತೀರ್ಮಾನವಾಯಿತು. ನಿನ್ನ ಹೆಸರನ್ನೇ ಬರೆಸುತ್ತೇನೆ ಎಂದು ಚಿರಂತ ಹೇಳದೆ ಇರಲಿಲ್ಲ.

"ಹೆಸರು ಬ್ಯಾಡ್ರಿ," ಎಂದಿದ್ದರು ಸಿಂಚನಾ. "ನಿಮ್ಮ ಕೈಮ್ಯಾಲೆ ಹೆಸರಿನ ಗತಿ ಏನಾಗತೈತಿ ಅಂತ ನೋಡೇನಿ."

ಕಡುಗಪ್ಪು ಮಸಿಯ ಮೇಲೆ ಹೊಸ ಚಿತ್ರ ಕೂರುವುದಿಲ್ಲ, ಬರೆದ ನವಿಲು ಕಾಗೆಯಂತೆ ಕಾಣುತ್ತದೆ. ಮೊದಲು ಹಳೆಯದನ್ನು ಮಾಸಿಸಬೇಕು. ಹಿಂದೆ ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಡಾ. ಇಂಚರಾ ಅಂಗಡಿಯವರು ತಾವೇ ಕಟ್ಟಿದ ಮಾಸುಗಿರಣ ಮಸಿಯ ಕಣಗಳನ್ನು ಒಂದೇ ಸಲಕ್ಕೆ ಪುಡಿ ಮಾಡುತ್ತಿತ್ತು, ಚರ್ಮಕ್ಕಂಟಿಸಿದ ಹೀರುಪಟ್ಟಿ ಆ ಪುಡಿಯನ್ನು ಅಲ್ಲಿಯೇ ಎಳೆದುಕೊಳ್ಳುತ್ತಿತ್ತು. ತೊಡಕು ಒಂದೇ. ಎದೆಬಡಿತ ಏರಿ ಚರ್ಮಕ್ಕೆ ರಕ್ತ ನುಗ್ಗಿದರೆ, ಮಸಿ ಹೀರಬೇಕಾದ ಬೆಳಕನ್ನು ರಕ್ತವೇ ಹೀರಿ ಕೈ ಸುಡುತ್ತದೆ. ಅದಕ್ಕೇ ಯಂತ್ರಕ್ಕೊಂದು ನಾಡಿಗಾವಲು. ನಾಡಿ ಜಿಗಿದು ಚರ್ಮ ಕೆಂಪಾದರೆ ಅದು ಬೆಳಕನ್ನು ಆರಿಸಿಬಿಡುತ್ತಿತ್ತು.

ಇದನ್ನೆಲ್ಲ ಡಾಕ್ಟರು ವಿವರಿಸಿದ್ದೇ ತಪ್ಪಾಯಿತು.

"ಅಂದ್ರ ಆಕಿ ಹೆಸರು ಮುಟ್ಟಿದ ಕೂಡ್ಲೆ ಇವರ ಎದಿ ಜಿಗೀತೈತಿ, ಹೌದಲ್ರಿ?" ಸಿಂಚನಾ ಕೇಳಿದರು.

"ನಿನ್ನಾಣಿ ಮಾಡಿ ಹೇಳ್ತೀನಿ, ಆಕಿ ಮಾರಿನೂ ನೆನಪಿಲ್ಲ ನನಗ," ಎಂದರು ಚಿರಂತ.

"ನಿಮಗ ನೆನಪಿಲ್ಲ. ನಿಮ್ಮ ಎದಿಗೆ ನೆನಪೈತಿ."

ಸಿಂಚನಾ ಎದ್ದು ಹೊರಗೆ ಹೋದರು. ಮೊಗಸಾಲೆಯ ಬೆಂಚಿನ ಮೇಲೆ ಕೂತಾಗ ಅವರಿಗೆ ಸಿಟ್ಟಿಗಿಂತ ಅಳುವೇ ಹೆಚ್ಚು ಬಂತು. ಮೂವತ್ತು ವರ್ಷದಲ್ಲಿ ತಾನು ಮಾತಿನಲ್ಲಿ ಎಷ್ಟೋ ಸಲ ಗೆದ್ದಿದ್ದೆ, ಆ ಎದೆಯನ್ನು ಗೆದ್ದೇ ಇರಲಿಲ್ಲವೇ? ಒಳಗಿನಿಂದ ಯಂತ್ರದ ಗುಂಯ್ ಸದ್ದು ಕೇಳಿಬಂತು. ಈ ಸಲ ಅದು ನಿಲ್ಲಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ನಾನಿಲ್ಲದಿದ್ದರೆ ಇವರಿಗೂ ಆ ಧನ್ಯಾಗೂ ಎಷ್ಟು ನೆಮ್ಮದಿ ನೋಡು ಎಂದು ಮೈ ಉರಿದುಹೋಯಿತು. ಬಾಗಿಲು ದೂಡಿ ಒಳಗೆ ನುಗ್ಗಿದರು.

ಯಂತ್ರ ನಿಂತಿತು.

ಡಾಕ್ಟರು ಪರದೆಯ ಮೇಲಿನ ಗೆರೆಗಳನ್ನು ನೋಡಿದರು, ಸಿಂಚನಾರನ್ನು ನೋಡಿದರು. "ಮೇಡಂ, ಸ್ವಲ್ಪ ಹೊರಗ ಹೋಗಿ ಬರ್ರಿ," ಎಂದರು. ಹೋದರು, ಯಂತ್ರ ಹೊರಟಿತು. ಬಂದರು, ನಿಂತಿತು. ನಾಲ್ಕು ಸಲ ಹೀಗೇ ಆಯಿತು. ಐದನೆಯ ಸಲಕ್ಕೆ ಡಾಕ್ಟರಿಗೆ ನಗು ತಡೆಯಲಾಗಲಿಲ್ಲ.

"ಹೆಸರಿಗೂ ಇದಕ್ಕೂ ಏನೂ ಸಂಬಂಧ ಇಲ್ರಿ. ಬೆಳಕು ಅಕ್ಷರ ಮುಟ್ಟಿದಾಗೆಲ್ಲ ನೀವು ನೋಡಾಕಂತ ಇವರ ಕಡೆ ಬಗ್ಗತಿದ್ರಿ. ಇವರ ನಾಡಿ ಜಿಗಿಯೂದು ನೀವು ಹತ್ರ ಬಂದಾಗ."

ಸಿಂಚನಾ ತಾವೂ ಪರದೆಯ ಗೆರೆಗಳತ್ತ ಬಗ್ಗಿ ನೋಡಿದರು. ಆಮೇಲೆ, "ಅದು ಹೆದರಿಕಿ ಇರಬೇಕ್ರಿ. ನಮ್ಮ ಸಾಲಿ ಮಾಸ್ತರರೂ ನನ್ನ ಕಂಡ್ರ ಹಂಗ ಆಗತಾರ," ಎಂದರು.

"ಹೆದರಿಕಿಗೆ ರಕ್ತ ಚರ್ಮ ಬಿಟ್ಟು ಒಳಗ ಓಡತದ್ರಿ, ಕೈ ತಣ್ಣಗಾಗತದ. ಹಂಗಾದ್ರ ನಾಡಿಗಾವಲು ನಿಲ್ಲಿಸೂದೇ ಇಲ್ಲ. ಇವರ ಕೈ ಮುಟ್ಟಿ ನೋಡ್ರಿ."

ಸಿಂಚನಾ ಮುಟ್ಟಿದರು. ಕೈ ಬೆಚ್ಚಗಿತ್ತು. ಐವತ್ತನಾಲ್ಕು ವರ್ಷದ ಚಿರಂತ ಕಿವಿಯ ತುದಿಯವರೆಗೂ ಕೆಂಪಾಗಿ ಛಾವಣಿ ನೋಡುತ್ತಿದ್ದರು.

"ಮೊದಲಽ ಹೇಳಬಾರದೇನ್ರಿ?" ಸಿಂಚನಾರ ದನಿಯಲ್ಲಿ ಮುಖ್ಯೋಪಾಧ್ಯಾಯಿನಿ ಇರಲಿಲ್ಲ.

"ನನಗರ ಎಲ್ಲಿ ಗೊತ್ತಿತ್ತು," ಎಂದರು ಚಿರಂತ.

ಡಾಕ್ಟರು ಗಂಟಲು ಸರಿಮಾಡಿಕೊಂಡರು. ಮೊದಲ ಅಕ್ಷರ ಚೆನ್ನಾಗಿ ಮಾಸಿತ್ತು, ಎರಡನೆಯದು ಹಾಗೇ ಕಪ್ಪಗಿತ್ತು. "ಇನ್ನೊಂದು ಇಪ್ಪತ್ತು ನಿಮಿಷದ ಕೆಲಸ ಅಷ್ಟೇರಿ. ಮೇಡಂ, ನೀವು ಹೊರಗ ಕೂತ್ರ ಮುಗಿಸಿಬಿಡ್ತೀನಿ."

ಸಿಂಚನಾ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತರು.

"ನಾ ಹೋಗೂದಿಲ್ರಿ."

"ಹಂಗಾದ್ರ ಹೆಸರು ಹೋಗೂದಿಲ್ಲ ಮೇಡಂ. ನವಿಲೂ ಬರೂದಿಲ್ಲ."

"ಇರ್ಲಿ ಬಿಡ್ರಿ, ಪಾಪ. ಆಕಿ ತನ್ನ ಪಾಡಿಗೆ ತಾ ಇದ್ದಾಳ."

ಯಂತ್ರ ಕಟ್ಟುವಾಗ ಇಂಚರಾ ಅಂಗಡಿಯವರು ಸುಡುವುದನ್ನು ಯೋಚಿಸಿದ್ದರು, ನೋವನ್ನು ಯೋಚಿಸಿದ್ದರು, ಕರೆಂಟು ಹೋಗುವುದನ್ನೂ ಯೋಚಿಸಿದ್ದರು. ಇದನ್ನು ಯೋಚಿಸಿರಲಿಲ್ಲ. ಅವರು ಗುಂಡಿ ಒತ್ತಿ ಯಂತ್ರವನ್ನು ಪೂರ್ತಿ ಆರಿಸಿದರು, ಮತ್ತೆ ಯಾರಾದರೊಬ್ಬರು ಹೊರಗೆ ಹೋಗಲೇಬೇಕಾಗಿದ್ದುದರಿಂದ, ತಾವೇ ಎದ್ದು ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.