ಶಾಯಿ ಹಚ್ಚಿಸಿಕೊಳ್ಳದ ಮೂರು ಭಾನುವಾರ

ನಮ್ಮ ದೇಶದ ಚುನಾವಣೆಗೆ ಹೊರದೇಶದಲ್ಲಿರುವ ನಮಗೆ ಇಲ್ಲೇ ತಿಂಗಳಿಡೀ ಮತದಾನ. ಮೂರು ಭಾನುವಾರ ನಾನು ಮತಗಟ್ಟೆಯ ಬಾಗಿಲವರೆಗೆ ಹೋಗಿ, ಹಿಂದಿದ್ದವರಿಗೆ ಜಾಗ ಬಿಟ್ಟು, ಸಾಲಿನ ಕೊನೆಗೆ ಮರಳಿದ್ದೆ. ಬೆರಳಿಗೆ ಶಾಯಿ ಬಿದ್ದರೆ ಮತ್ತೆ ಇಲ್ಲಿ ನಿಲ್ಲಲು ನೆಪವಿರುವುದಿಲ್ಲ.

"ಫ್ಲೋರ್, ನಿಂಗೆ ಬೇಕಿರೋದು ಪ್ರೆಸಿಡೆಂಟಾ, ಗಂಡನಾ?" ಪುರಿಂಗ್ ಅಕ್ಕ ಕೇಳಿದಳು. ನಾನಿರುವ ಮನೆಯ ಪಕ್ಕದ ಫ್ಲ್ಯಾಟಿನಲ್ಲಿ ಅವಳೂ ನನ್ನಂತೆ ಮನೆಗೆಲಸದವಳು.

"ಸುಮ್ನಿರಕ್ಕ."

ಆರು ವರ್ಷದ ಹಿಂದೆ, ಕಳೆದ ಸಲದ ಚುನಾವಣೆಯಲ್ಲಿ, ಹಾಂಗ್‌ಕಾಂಗಿನ ಇದೇ ಏರುದಾರಿಯಲ್ಲಿ, ಆರ್ಸೆನಿಯೊ ನನ್ನ ಹಿಂದೆ ನಿಂತಿದ್ದ. ಸರಕು ಹಡಗಿನವನು. ನಾಲ್ಕು ಗಂಟೆ ನನಗೆ ಬಿಸಿಲು ತಾಗದಂತೆ ನಿಂತ. ಆಡಿದ ಮಾತು ಹತ್ತೂ ಇರಲಿಲ್ಲ. ಹೊರಡುವಾಗ, "ಮುಂದಿನ ಸಲಾನೂ ಇಲ್ಲೇ ವೋಟ್ ಹಾಕ್ತೀನಿ. ನೀವಿರ್ತೀರಾ?" ಎಂದ. ಫೋನ್ ನಂಬರ್ ಕೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಇವತ್ತು ಮತದಾನದ ಕೊನೆಯ ಭಾನುವಾರ. ವಾರದಲ್ಲಿ ನನಗಿರುವ ರಜೆ ಇದೊಂದೇ.

"ಅವನು ಬರ್ಲಿಲ್ಲ ಅಂತ ಪಟ್ಟೀಲಿ ನಿನ್ನ ಹೆಸರಿನ ಮುಂದೆ ಯಾಕೆ ಖಾಲಿ ಬಿಡ್ತೀಯ?" ಅಕ್ಕನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

ಹಿಂತಿರುಗಿ ನೋಡಿದೆ. ಇಳಿಜಾರಿನ ತುದಿಯಾಚೆಗೂ ಕೊಡೆಗಳು. ರಾತ್ರಿಯಡುಗೆಗೆ ಮೀನೋ ಕೋಳಿಯೋ ಎಂದು ಹೇಳುವ ಹಕ್ಕೂ ಇಲ್ಲದ ಸಾವಿರಾರು ಹೆಂಗಸರು. ದಾರಿಯುದ್ದಕ್ಕೂ ಹರಟುತ್ತಿದ್ದವರು ಬಾಗಿಲ ಹತ್ತಿರ ಬಂದಂತೆ ಒಬ್ಬೊಬ್ಬರಾಗಿ ಮೌನವಾಗುತ್ತಿದ್ದರು.

ಒಳಗೆ ಹೋದೆ. ಹದಿಮೂರು ವರ್ಷದಲ್ಲಿ ಈ ಊರಿನಲ್ಲಿ ನನ್ನ ಅಭಿಪ್ರಾಯ ಕೇಳಿದ್ದು ಈ ಮತಪತ್ರವೊಂದೇ. ಹೆಸರುಗಳ ಪಕ್ಕದ ವೃತ್ತಗಳನ್ನು ತುಂಬಿದೆ. ಬೆರಳಿಗೆ ಹಚ್ಚಿದ ಶಾಯಿ ತಣ್ಣಗಿತ್ತು.

ಹೊರಬಾಗಿಲ ಮೆಟ್ಟಿಲಲ್ಲಿ ಅವನು ಕೂತಿದ್ದ. ಕಿವಿಯ ಮೇಲೆ ಒಂದೆರಡು ನರೆಗೂದಲು. ಉಗುರು ಆಗಲೇ ಕಪ್ಪಾಗಿತ್ತು.

"ಬೆಳಿಗ್ಗೇನೇ ಹಾಕ್ದೆ," ಎಂದ. "ಹಡಗಿನವರನ್ನ ಬೇರೆ ಬಾಗಿಲಿಂದ ಮೊದಲು ಬಿಟ್ರು."

"ಸಾಲಲ್ಲಿ ಹುಡುಕ್ಬಾರ್ದಿತ್ತಾ?"

"ಹುಡುಕ್ದೆ. ಎಲ್ರ ಮುಖಾನೂ ಕೊಡೆ ಕೆಳಗೆ. ಹೊರಗೆ ಬರೋ ಬಾಗ್ಲು ಒಂದೇ ಅಲ್ವಾ, ಇಲ್ಲಿ ಕೂತೆ."

"ನಾನು ವೋಟ್ ಹಾಕ್ದೇ ಹೋಗಿದ್ರೆ?"

ಅವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲವೇನೋ. "ನೀವಾ?" ಎಂದಷ್ಟೇ ಕೇಳಿ ನನ್ನನ್ನೇ ನೋಡಿದ. ಬಿಟ್ಟುಕೊಟ್ಟ ಮೂರು ಭಾನುವಾರಗಳ ಬಗ್ಗೆ ನಾನು ಏನೂ ಹೇಳಲಿಲ್ಲ.

ಐದಕ್ಕೆ ಅವನು ಹಡಗಿಗೆ ಮರಳಬೇಕಿತ್ತು. ನಾಲ್ಕಾಗಿತ್ತು. ಅವನು ಕೈಯಲ್ಲಿದ್ದ ಟೋಪಿಯನ್ನು ತಿರುಗಿಸಿದ.

"ಮುಂದಿನ ಸಲ ನಮ್ಮ ದೇಶದಲ್ಲೇ ಹಾಕೋಣ್ವಾ? ಇಬ್ರೂ ಒಂದೇ ಮತಗಟ್ಟೇಲಿ."

"ಯಾರೂರಲ್ಲಿ?"

"ನಿಮ್ಮೂರಲ್ಲೇ."

ಕೈ ಚಾಚಿದೆ. ಇನ್ನೂ ಒಣಗದ ನನ್ನ ಶಾಯಿ ಅವನ ಅಂಗೈಗೆ ತಾಗಿತು. ಅವನು ಒರೆಸಿಕೊಳ್ಳಲಿಲ್ಲ.